ಪೋರ್ಟ್‌ಫೋಲಿಯೋ: ನಂಬಿದ್ದೇನು, ನಿಜವೇನು?

ಪುಸ್ತಕದ ಮುಖಪುಟ, ಲೋಗೋ, ಲಗ್ನಪತ್ರಿಕೆ, ಪೋಸ್ಟರ್ ಮಾಡಿ ಬದುಕುವ ಕಲಾವಿದರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ. ಕೈಚಳಕಕ್ಕೆ ಕೊರತೆಯಿಲ್ಲ. ಅದನ್ನು ಗ್ರಾಹಕರ ಮುಂದಿಡುವಾಗ ಮಾತ್ರ ಹಲವರು ಎಡವುತ್ತಾರೆ. ಕೆಲಸ ಕೊಡುವವರ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ‘ನನ್ನ ಕೆಲಸವನ್ನು ಇವರು ಸರಿಯಾಗಿ ಮಾಡಿಕೊಡಬಲ್ಲರೇ?’ ಪೋರ್ಟ್‌ಫೋಲಿಯೋ ಅದಕ್ಕೆ ಉತ್ತರ ಕೊಡಬೇಕು. ಹಾಗಾಗದಂತೆ ತಡೆಯುವ ಐದು ನಂಬಿಕೆಗಳು ಇಲ್ಲಿವೆ.

ತಪ್ಪು ಕಲ್ಪನೆ 1: ಮಾಡಿದ್ದನ್ನೆಲ್ಲ ತೋರಿಸಿದರೆ ಅನುಭವ ಗೊತ್ತಾಗುತ್ತದೆ.

ಸತ್ಯ: ನಲವತ್ತು ಕೆಲಸಗಳನ್ನು ಕೊನೆತನಕ ನೋಡುವ ವ್ಯವಧಾನ ಯಾರಿಗೂ ಇರುವುದಿಲ್ಲ. ನಡುವೆ ಸಿಕ್ಕ ನಾಲ್ಕು ಸಪ್ಪೆ ಕೆಲಸಗಳು ಉಳಿದವುಗಳ ಬೆಲೆಯನ್ನೂ ಇಳಿಸುತ್ತವೆ. ಹತ್ತು-ಹನ್ನೆರಡು ಸಾಕು. ಪ್ರಕಾಶಕರ ಬಳಿ ಹೋಗುವಾಗ ಮುಖಪುಟಗಳಿರಲಿ, ಲಗ್ನಪತ್ರಿಕೆಗಳು ಬೇಡ. ತೋರಿಸಿದಂಥ ಕೆಲಸವೇ ಮತ್ತೆ ಹುಡುಕಿಕೊಂಡು ಬರುತ್ತದೆ. ಮತ್ತೆ ಮಾಡಲು ಮನಸ್ಸಿಲ್ಲದ್ದನ್ನು ತೋರಿಸಲೇಬೇಡಿ.

ತಪ್ಪು ಕಲ್ಪನೆ 2: ಚಿತ್ರ ಚೆನ್ನಾಗಿದ್ದರೆ ಸಾಕು, ವಿವರಣೆ ಬೇಡ.

ಸತ್ಯ: ಅದನ್ನು ಹಾಗೇಕೆ ಮಾಡಿದಿರಿ ಎಂಬುದೂ ಗ್ರಾಹಕರಿಗೆ ತಿಳಿಯಬೇಕು. ಪ್ರತಿ ಕೆಲಸದ ಜೊತೆ ಎರಡು-ಮೂರು ಸಾಲು ಬರೆಯಿರಿ. ಉದಾಹರಣೆಗೆ: ‘1/8 ಡೆಮಿ ಅಳತೆಯ ಕಥಾಸಂಕಲನ. ಶೀರ್ಷಿಕೆ ಉದ್ದ, ಮೊಬೈಲಿನಲ್ಲಿ ಪುಟ್ಟದಾಗಿ ಕಂಡಾಗಲೂ ಓದುವಂತಿರಬೇಕಿತ್ತು. ಎರಡೇ ಬಣ್ಣ ಬಳಸಿ, ಅಕ್ಷರವನ್ನೇ ಚಿತ್ರವಾಗಿಸಿದೆ.’ ಮುಂಬದಿಯೊಂದನ್ನೇ ಇಡದೆ ಬೆನ್ನು, ಹಿಂಬದಿ ಸೇರಿದ ಪೂರ್ತಿ ರಕ್ಷಾಪುಟ ತೋರಿಸಿ. ಪ್ರೆಸ್ಸಿಗೆ ಹೋಗುವುದು ಅದೇ. ಕೈಬಿಟ್ಟ ಒಂದು ಸ್ಕೆಚ್ ಪಕ್ಕದಲ್ಲಿದ್ದರೆ ನೀವು ಯೋಚಿಸಿದ ದಾರಿಯೂ ತಿಳಿಯುತ್ತದೆ.

ತಪ್ಪು ಕಲ್ಪನೆ 3: ದುಡ್ಡು ಕೊಟ್ಟು ಮಾಡಿಸಿದ ಕೆಲಸವಿಲ್ಲದೆ ಪೋರ್ಟ್‌ಫೋಲಿಯೋ ಆಗದು.

ಸತ್ಯ: ಹೊಸಬರು ತಾವೇ ಕೆಲಸ ಹಚ್ಚಿಕೊಳ್ಳಬಹುದು. ಎಂ.ಎಸ್. ಪುಟ್ಟಣ್ಣನವರ 1915ರ ಕಾದಂಬರಿ ‘ಮಾಡಿದ್ದುಣ್ಣೋ ಮಹಾರಾಯ’ಕ್ಕೆ ಇಂದಿನ ಓದುಗರು ಕೈಗೆತ್ತಿಕೊಳ್ಳುವಂಥ ಮುಖಪುಟ ಮಾಡಿ. ‘ಅಭ್ಯಾಸಕ್ಕಾಗಿ ಮಾಡಿದ್ದು’ ಎಂದು ಕಾಣುವಂತೆ ಬರೆಯಿರಿ. ಕೆಲಸ ಕೊಡದ ಕಂಪನಿಯನ್ನು ನಿಮ್ಮ ಗ್ರಾಹಕರೆಂದು ಹೇಳಿಕೊಂಡರೆ, ಒಂದು ಫೋನ್ ಕರೆಯಲ್ಲಿ ನಂಬಿಕೆ ಹೋಗುತ್ತದೆ.

ತಪ್ಪು ಕಲ್ಪನೆ 4: ನಾನು ಮಾಡಿದ್ದನ್ನು ಎಲ್ಲಿ ಬೇಕಾದರೂ ತೋರಿಸಬಹುದು.

ಸತ್ಯ: 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ ಕೃತಿಯ ಹಕ್ಕು ಮಾಲೀಕರದು. ಹಣ ಪಡೆದು ತೆಗೆದುಕೊಟ್ಟ ಫೋಟೊ, ಬರೆದುಕೊಟ್ಟ ಭಾವಚಿತ್ರದ ಹಕ್ಕು ಮಾಡಿಸಿದವರದು. ‘ಇದನ್ನು ಮಾಡಿದ್ದು ನಾನು’ ಎಂದು ಹೇಳಿಕೊಳ್ಳುವ ಹಕ್ಕನ್ನು 57ನೇ ಕಲಮು ಕಾಯುತ್ತದೆ; ಪ್ರತಿ ಮಾಡಿ ಹಂಚುವುದು ಬೇರೆ ಮಾತು. ಆದ್ದರಿಂದ ದರ ಮಾತಾಡುವಾಗಲೇ ‘ಪ್ರಕಟವಾದ ಮೇಲೆ ನನ್ನ ಪೋರ್ಟ್‌ಫೋಲಿಯೋದಲ್ಲಿ ತೋರಿಸಲು ಒಪ್ಪಿಗೆಯಿದೆ’ ಎಂದು ಬರೆಸಿಕೊಳ್ಳಿ. ತಂಡದ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ನಮೂದಿಸಿ.

ತಪ್ಪು ಕಲ್ಪನೆ 5: ನಮ್ಮ ಕಂಪ್ಯೂಟರಿನಲ್ಲಿ ಸರಿ ಕಂಡರೆ ಎಲ್ಲ ಕಡೆಯೂ ಸರಿ.

ಸತ್ಯ: ಕನ್ನಡದ ಮಟ್ಟಿಗೆ ಇದು ದೊಡ್ಡ ತೊಡಕು. ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಫೈಲನ್ನು ಆ ಫಾಂಟಿಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಷ್ಟೇ ಕಾಣುತ್ತದೆ. ಯೂನಿಕೋಡಿಗೆ ಹೊಂದದ ಸಾಫ್ಟ್‌ವೇರಿನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಅಕ್ಷರಗಳನ್ನು ಕರ್ವ್ ಮಾಡಿ, ಇಲ್ಲವೇ ಫಾಂಟನ್ನು ಎಂಬೆಡ್ ಮಾಡಿ ಪಿಡಿಎಫ್ ತೆಗೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಗುಣಮಟ್ಟ ತಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಅದಕ್ಕೂ ಮೊದಲು ಬೇರೊಬ್ಬರ ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಿ.

ಕಸುಬು ಕಲಿಯಲು ವರ್ಷಗಳನ್ನೇ ಕೊಟ್ಟವರು ಅದನ್ನು ಒಪ್ಪವಾಗಿ ಮುಂದಿಡಲು ಒಂದು ವಾರ ಕೊಡುವುದು ಹೆಚ್ಚಲ್ಲ. ತೋರಿಸಲು ಬಾರದೆ ಹೋದ ಕಾರಣಕ್ಕೆ ಒಳ್ಳೆಯ ಕೆಲಸಗಾರ ಅವಕಾಶ ಕಳೆದುಕೊಳ್ಳಬಾರದು.