ಯಂತ್ರ ಕಸೂತಿಯ ಕಾಣದ ಆಧಾರ

‘ಸ್ಟೆಬಿಲೈಜರ್’ ಎಂದೊಡನೆ ಬಹುಜನರಿಗೆ ನೆನಪಾಗುವುದು ರೆಫ್ರಿಜರೇಟರಿನ ಪಕ್ಕದ ಪೆಟ್ಟಿಗೆ. ವಿದ್ಯುತ್ತಿನ ಏರಿಳಿತದಿಂದ ಯಂತ್ರವನ್ನು ಕಾಪಾಡುವುದು ಅದರ ಕೆಲಸ. ಯಂತ್ರ ಕಸೂತಿಯಲ್ಲಿಯೂ ಇದೇ ಹೆಸರಿನ ವಸ್ತುವೊಂದುಂಟು. ಬಟ್ಟೆಯ ಅಡಿಯಲ್ಲಿ ಇರಿಸುವ, ನೋಡಲು ಕಾಗದದಂತಿರುವ ಈ ಪದರವು ದಾರದ ಸೆಳೆತದಿಂದ ಬಟ್ಟೆಯನ್ನು ಕಾಪಾಡುತ್ತದೆ. ಇದನ್ನು ಆಧಾರಪದರವೆಂದು ಕರೆಯಬಹುದು.

ಮನೆಯಲ್ಲಿಯೇ ಯಂತ್ರವನ್ನಿಟ್ಟುಕೊಂಡು ರವಿಕೆ, ಟವೆಲ್ಲು, ಮಕ್ಕಳ ಉಡುಪುಗಳಿಗೆ ಕಸೂತಿ ಹಾಕಿಕೊಟ್ಟು ಸಂಪಾದಿಸುವ ಮಹಿಳೆಯರಿಗೆ ಇದರ ತಿಳಿವಳಿಕೆ ಅತ್ಯವಶ್ಯ. ಗಿರಾಕಿಯ ಬಟ್ಟೆ ಸುಕ್ಕುಗಟ್ಟಿತೆಂದು ಹೊಲಿಗೆಯನ್ನು ಬಿಚ್ಚಿದರೆ ಸೂಜಿಯ ರಂಧ್ರಗಳು ಉಳಿಯುತ್ತವೆ. ಕೂಲಿ ಕೈತಪ್ಪುವುದಲ್ಲದೆ ಬಟ್ಟೆಯ ಬೆಲೆಯನ್ನೂ ತೆರಬೇಕಾಗುತ್ತದೆ. ಗಿರಾಕಿಯ ನಂಬಿಕೆ ಹೋದರೆ ಆ ನಷ್ಟ ಇನ್ನೂ ದೊಡ್ಡದು.

ಸುಕ್ಕು ಉಂಟಾಗುವುದೇಕೆ? ಕೈಕಸೂತಿಯಲ್ಲಿ ಪ್ರತಿ ಹೊಲಿಗೆಗೂ ಬೆರಳುಗಳು ದಾರದ ಬಿಗಿತವನ್ನು ಹದಗೊಳಿಸುತ್ತವೆ. ಯಂತ್ರಕ್ಕೆ ಆ ವಿವೇಚನೆಯಿಲ್ಲ. ನಿಮಿಷಕ್ಕೆ 600 ಹೊಲಿಗೆ ಹಾಕುವ ಯಂತ್ರವು 10,000 ಹೊಲಿಗೆಗಳ ಚಿತ್ತಾರವನ್ನು ಸುಮಾರು 17 ನಿಮಿಷಗಳಲ್ಲಿ ಮುಗಿಸುತ್ತದೆ. ತುಂಬು ಹೊಲಿಗೆಯಲ್ಲಿ ಸಾಲುಗಳ ನಡುವಣ ಅಂತರ ಸಾಮಾನ್ಯವಾಗಿ 0.4 ಮಿ.ಮೀ. ಮಾತ್ರ. ಇಷ್ಟು ಒತ್ತಾಗಿ ಬೀಳುವ ಪ್ರತಿಯೊಂದು ಹೊಲಿಗೆಯೂ ಬಟ್ಟೆಯನ್ನು ತನ್ನತ್ತ ಸೆಳೆಯುತ್ತದೆ. ತಕ್ಕ ಆಧಾರವಿಲ್ಲದಿದ್ದರೆ ಬಟ್ಟೆ ನೆರಿಗೆಗಟ್ಟುತ್ತದೆ. ವೃತ್ತವು ಮೊಟ್ಟೆಯಾಕಾರವನ್ನು ತಾಳುತ್ತದೆ. ಹೂವಿಗೂ ಅದರ ಅಂಚಿನ ಗೆರೆಗೂ ನಡುವೆ ಸಂದು ಬೀಳುತ್ತದೆ.

ಆಧಾರದ ಕಲ್ಪನೆ ಕನ್ನಡಿಗರಿಗೆ ಹೊಸದೇನಲ್ಲ. ಧಾರವಾಡದ ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ನಡೆಸುತ್ತಾರೆ. ಎಳೆ ಎಣಿಸಲಾಗದ ನುಣುಪು ಬಟ್ಟೆಯಾದರೆ ಅದರ ಮೇಲೆ ಜಾಳಾದ ಬಟ್ಟೆಯನ್ನು ಹಚ್ಚಿ, ಕೆಲಸ ಮುಗಿದ ಬಳಿಕ ಅದರ ಎಳೆಗಳನ್ನು ಎಳೆದು ತೆಗೆಯುವ ರೂಢಿಯುಂಟು. ಅಲ್ಲಿ ಆಧಾರವು ಎಣಿಕೆಗೆ ನೆರವು. ಇಲ್ಲಿ ಸೆಳೆತಕ್ಕೆ ತಡೆ.

ಆಧಾರಪದರಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ‘ಕಟ್-ಅವೇ’. ಟೀ ಶರ್ಟಿನಂತಹ ಹಿಗ್ಗುವ ಹೆಣಿಗೆಯ ಬಟ್ಟೆಗೆ ಇದೇ ಯೋಗ್ಯ. ಚಿತ್ತಾರದ ಸುತ್ತ ಸುಮಾರು 1 ಸೆಂ.ಮೀ. ಬಿಟ್ಟು ಉಳಿದುದನ್ನು ಕತ್ತರಿಸುತ್ತಾರೆ. ಹೊಲಿಗೆಯ ಹಿಂದಿನ ಭಾಗ ಶಾಶ್ವತವಾಗಿ ಉಳಿದು, ಪ್ರತಿ ಒಗೆತದಲ್ಲಿಯೂ ಚಿತ್ತಾರವನ್ನು ಹಿಡಿದಿಡುತ್ತದೆ. ಎರಡನೆಯದು ‘ಟೇರ್-ಅವೇ’. ಹಿಗ್ಗದ, ಗಟ್ಟಿಯಾಗಿ ನೇಯ್ದ ಹತ್ತಿ ಬಟ್ಟೆಗೆ ಇದು ಸಾಕು. ಹರಿಯುವಾಗ ಹೊಲಿಗೆಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿಯಬೇಕು. ಇಲ್ಲವಾದರೆ ಅಂಚಿನ ದಾರಗಳು ಸಡಿಲಗೊಳ್ಳುತ್ತವೆ.

ಮೂರನೆಯದು ನೀರಿನಲ್ಲಿ ಕರಗುವ ಪದರ. ಹಿಂದಿನಿಂದ ಪದರ ಕಾಣಬಾರದ ಪಾರದರ್ಶಕ ಬಟ್ಟೆಗಳಿಗೆ ಇದು ಅನುಕೂಲ. ಟವೆಲ್ಲಿನಲ್ಲಿ ಇದರ ತೆಳು ಹಾಳೆಯನ್ನು ಬಟ್ಟೆಯ ಮೇಲೆಯೂ ಹಾಸುವುದುಂಟು. ಆಗ ಹೊಲಿಗೆಗಳು ದಾರದ ಕುಣಿಕೆಗಳೊಳಗೆ ಮುಳುಗುವುದಿಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಪ್ರದೇಶದಲ್ಲಿ ರೇಷ್ಮೆಯ ಮೇಲೆ ಹತ್ತಿಯ ದಾರದಿಂದ ಕಸೂತಿ ಹಾಕಿ, ರೇಷ್ಮೆಯನ್ನು ರಾಸಾಯನಿಕದಿಂದ ಕರಗಿಸಿ ಲೇಸ್ ತಯಾರಿಸುತ್ತಿದ್ದರು. ಇಂದು ಅದೇ ಕೆಲಸಕ್ಕೆ ಪಾಲಿವಿನೈಲ್ ಆಲ್ಕೋಹಾಲಿನ ಪದರ ಮತ್ತು ನೀರು ಸಾಕು. ಮುಂಬಯಿಯಂತಹ ಊರುಗಳ ಮಳೆಗಾಲದ ತೇವ ತಗಲದಂತೆ ಈ ಪದರವನ್ನು ಬಿಗಿಯಾಗಿ ಮುಚ್ಚಿಡಬೇಕು.

ಪದರವನ್ನು ಆರಿಸುವಾಗ ಮೊದಲು ಬಟ್ಟೆಯನ್ನು, ಅನಂತರ ಚಿತ್ತಾರವನ್ನು ನೋಡಬೇಕು. ಬಟ್ಟೆ ಹಿಗ್ಗುವುದಾದರೆ ಆಧಾರ ಉಳಿಯಬೇಕು, ಹಿಗ್ಗದಿದ್ದರೆ ತೆಗೆಯಬಹುದು. ಹೊಲಿಗೆ ಒತ್ತಾದಷ್ಟೂ ಪದರ ಬಲವಾಗಿರಬೇಕು. ಅದನ್ನು ಚೌಕಟ್ಟಿನ ಅಂಚಿನವರೆಗೂ ಹರಡಿ, ಬಟ್ಟೆಯೊಡನೆ ಸೇರಿಸಿಯೇ ಬಿಗಿಯಬೇಕು. ಹೆಣಿಗೆಯ ಬಟ್ಟೆಯನ್ನು ಮಾತ್ರ ಜಗ್ಗಿ ಬಿಗಿಯಬಾರದು. ಚೌಕಟ್ಟಿನಿಂದ ಬಿಡಿಸಿದೊಡನೆ ಅದು ಕುಗ್ಗುತ್ತದೆ, ಹೊಲಿಗೆ ಕುಗ್ಗದು.

ಆರೋಗ್ಯದ ದೃಷ್ಟಿಯಿಂದಲೂ ಎರಡು ಮಾತು. ಕಸೂತಿಯ ಹಿಂಬದಿಯ ಗಂಟುಗಳೂ ಪದರದ ಗಡಸು ಅಂಚುಗಳೂ ಎಳೆಯ ಮಕ್ಕಳ ಮೈಗೆ ಉಜ್ಜಿ ಚರ್ಮವನ್ನು ಕೆಂಪಾಗಿಸಬಹುದು. ಆದುದರಿಂದ ಮೆತ್ತನೆಯ ಪದರವನ್ನು ಬಳಸಿ, ಮೂಲೆಗಳನ್ನು ದುಂಡಾಗಿ ಕತ್ತರಿಸಿ, ಒಳಗಡೆ ಇಸ್ತ್ರಿಯಿಂದ ಅಂಟುವ ಮೃದುವಾದ ಬಟ್ಟೆಯನ್ನು ಹಚ್ಚುವುದು ಉಚಿತ. ಬಟ್ಟೆಯನ್ನು ಪದರಕ್ಕೆ ಅಂಟಿಸುವ ಸ್ಪ್ರೇಯನ್ನು ಗಾಳಿಯಾಡುವ ಕಡೆಯಲ್ಲಿ, ಬೆಂಕಿಯಿಂದ ದೂರ, ಯಂತ್ರಕ್ಕೆ ತಾಗದಂತೆ ಬಳಸಬೇಕು.

ಹೊಸ ಬಟ್ಟೆಯಾದರೆ ಅಂತಹುದೇ ತುಂಡಿನ ಮೇಲೆ ಮೊದಲು ಪರೀಕ್ಷಿಸಿ, ಒಗೆದು ನೋಡುವುದು ಕ್ಷೇಮ. ದರವನ್ನು ಹೇಳುವಾಗ ದಾರ, ಸೂಜಿಗಳೊಡನೆ ಪದರದ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಬೇಕು. ಹಾಗೆ ಸೇರಿಸಿದವರಿಗೆ ಅದನ್ನು ಉಳಿಸುವ ಆಸೆಯಿಂದ ಬಟ್ಟೆಯನ್ನು ಕಳೆದುಕೊಳ್ಳುವ ಪ್ರಸಂಗ ಬರುವುದಿಲ್ಲ.