ಮೀನಖಂಡ ಹಿಡಿದರೆ ಉಪ್ಪನ್ನೇ ದೂರಬೇಡಿ

ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದ ಹುಡುಗ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಿ ಮುಗಿಸಬೇಕು. ಹುಡುಗಿಯರಿಗೆ 400 ಮೀಟರ್, ಎರಡು ನಿಮಿಷ. ಅಗ್ನಿವೀರ ಪರೀಕ್ಷೆಯಲ್ಲಿ 1.6 ಕಿ.ಮೀ. ಓಟಕ್ಕೆ ಪೂರ್ತಿ ಅಂಕ ಬೇಕಿದ್ದರೆ ಐದೂವರೆ ನಿಮಿಷ ದಾಟುವಂತಿಲ್ಲ. ಚಿಕ್ಕಬಳ್ಳಾಪುರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ, ಶಿಡ್ಲಘಟ್ಟದ ನೆಹರೂ ಕ್ರೀಡಾಂಗಣದಲ್ಲಿ, ಚಿಂತಾಮಣಿ, ಗೌರಿಬಿದನೂರಿನ ಮೈದಾನಗಳಲ್ಲಿ ಬೆಳಗಾಗುವ ಮೊದಲೇ ಸುತ್ತು ಹೊಡೆಯುವವರಲ್ಲಿ ಇಂಥವರೂ ಇರುತ್ತಾರೆ. ಹಳ್ಳಿಯವರಿಗಾದರೆ ಕೆರೆ ಏರಿಯೇ ಟ್ರ್ಯಾಕ್.

ಮೂರು ಸುತ್ತು ಚೆನ್ನಾಗಿ ಬಂದವನು ನಾಲ್ಕನೆಯದರಲ್ಲಿ ಮೀನಖಂಡ ಹಿಡಿದುಕೊಂಡು ಕೂತುಬಿಡುತ್ತಾನೆ. ಸುತ್ತ ನೆರೆದವರೆಲ್ಲ ಆ ಹೊತ್ತಿಗೆ ವೈದ್ಯರು. ಉಪ್ಪು ಕಮ್ಮಿಯಾಗಿದೆ ಅನ್ನುತ್ತಾನೆ ಒಬ್ಬ. ನೀರು ಕುಡಿದಿಲ್ಲ ಅನ್ನುತ್ತಾನೆ ಇನ್ನೊಬ್ಬ. ನರದ ಮೇಲೆ ನರ ಬಿದ್ದಿದೆ ಅನ್ನುವವರು ಎಲ್ಲ ಊರಲ್ಲೂ ಇದ್ದೇ ಇರುತ್ತಾರೆ.

ಉಪ್ಪಿನ ಮಾತು ಸುಮ್ಮನೆ ಹುಟ್ಟಿದ್ದಲ್ಲ. 1920ರ ದಶಕದಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರು, 1930ರ ದಶಕದಲ್ಲಿ ಅಮೆರಿಕದ ಹೂವರ್ ಅಣೆಕಟ್ಟು ಕಟ್ಟಿದ ಕೂಲಿಗಳು ಇಂಥದೇ ಸ್ನಾಯು ಸೆಡೆತದಿಂದ ಒದ್ದಾಡುತ್ತಿದ್ದರು. ಇಡೀ ದಿನ ಕೆಂಡದಂಥ ಬಿಸಿಯಲ್ಲಿ ದುಡಿದು, ಲೀಟರುಗಟ್ಟಲೆ ಬೆವರಿ, ಬರೀ ನೀರು ಕುಡಿಯುತ್ತಿದ್ದವರು ಅವರು. ಉಪ್ಪು ಕೊಟ್ಟಾಗ ಗುಣ ಕಂಡಿತು. ಆದರೆ ಆ ಪಾಠವನ್ನು ಡಿಸೆಂಬರ್ ಚಳಿಯಲ್ಲಿ ಆರೂವರೆ ನಿಮಿಷ ಓಡಿದವನಿಗೆ ಅನ್ವಯಿಸಿದರೆ ಲೆಕ್ಕ ಕೂಡುವುದಿಲ್ಲ. ಅಷ್ಟರಲ್ಲಿ ಅವನು ಕಳೆದುಕೊಳ್ಳುವ ಬೆವರೆಷ್ಟು? ಮೈಯಲ್ಲೆಲ್ಲ ಉಪ್ಪು ತಗ್ಗಿದ್ದರೆ ಒಂದು ಕಾಲಿನ ಮೀನಖಂಡ ಮಾತ್ರ ಯಾಕೆ ಹಿಡಿಯಬೇಕು? ಕಾಲ್ಬೆರಳನ್ನು ಹಿಡಿದು ಮುಂಗಾಲನ್ನು ಮೊಣಕಾಲ ಕಡೆಗೆ ಎಳೆದರೆ ಅರ್ಧ ನಿಮಿಷದಲ್ಲಿ ಬಿಡುತ್ತದಲ್ಲ, ಆ ಎಳೆತದಲ್ಲಿ ಉಪ್ಪೆಲ್ಲಿದೆ?

1997ರಲ್ಲಿ ದಕ್ಷಿಣ ಆಫ್ರಿಕಾದ ಮಾರ್ಟಿನ್ ಶ್ವೆಲ್ನಸ್ ಮತ್ತು ಜೊತೆಗಾರರು ಬೇರೊಂದು ವಿವರಣೆ ಮುಂದಿಟ್ಟರು. ಸ್ನಾಯುವಿನೊಳಗೆ ‘ಬಿಗಿಯಾಗು’ ಎಂದು ಬೆನ್ನುಹುರಿಗೆ ಸುದ್ದಿ ಕಳಿಸುವ ತಂತುಗಳಿವೆ. ಸ್ನಾಯು ತನ್ನನ್ನು ಎಲುಬಿಗೆ ಕಟ್ಟುವ ರಜ್ಜುವನ್ನು ಸೇರುವ ಕಡೆ ‘ಸಾಕು, ಸಡಿಲಿಸು’ ಎನ್ನುವ ಸಂವೇದಕಗಳಿವೆ. ದಣಿವು ಮೀರಿದಾಗ ಮೊದಲನೆಯದರ ಕೂಗು ಜೋರಾಗುತ್ತದೆ, ಎರಡನೆಯದರ ದನಿ ಅಡಗುತ್ತದೆ. ಸ್ನಾಯು ಹಿಡಿದ ಪಟ್ಟು ಬಿಡುವುದಿಲ್ಲ. ಕಾಲು ಎಳೆದಾಗ ಆ ಎರಡನೆಯ ಸಂವೇದಕ ಮತ್ತೆ ಎಚ್ಚರಗೊಳ್ಳುತ್ತದೆ. ಮುಂದೆ ದೂರದ ಓಟಗಾರರ ರಕ್ತ ಪರೀಕ್ಷಿಸಿದಾಗ, ಸೆಡೆತ ಬಂದವರಿಗೂ ಬಾರದವರಿಗೂ ಲವಣಾಂಶದಲ್ಲಿ ಸೆಡೆತಕ್ಕೆ ಕಾರಣವಾಗುವಂಥ ವ್ಯತ್ಯಾಸ ಸಿಗಲಿಲ್ಲ. ಸಿಕ್ಕ ಸುಳಿವು ಇನ್ನೊಂದು: ಅಭ್ಯಾಸದಲ್ಲಿ ಓಡುತ್ತಿದ್ದುದಕ್ಕಿಂತ ಜೋರಾಗಿ ಓಡಿದವರು, ಹಿಂದೆಯೂ ಸೆಡೆತ ಕಂಡವರು ಹೆಚ್ಚಾಗಿ ಸಿಕ್ಕಿಬಿದ್ದಿದ್ದರು.

ಉಪ್ಪಿನಕಾಯಿಯದು ಇದಕ್ಕಿಂತ ಸ್ವಾರಸ್ಯದ ಕತೆ. 2010ರಲ್ಲಿ ಕೆವಿನ್ ಮಿಲ್ಲರ್ ಎಂಬ ಅಮೆರಿಕನ್ ಸಂಶೋಧಕ ಸ್ವಯಂಸೇವಕರ ಕಾಲಿನ ಹೆಬ್ಬೆರಳ ಸ್ನಾಯುವಿಗೆ ವಿದ್ಯುತ್ತಿನಿಂದ ಸೆಡೆತ ಬರಿಸಿ, ಸೌತೆ ಉಪ್ಪಿನಕಾಯಿಯ ಹುಳಿ ರಸ ಕುಡಿಸಿದರು. ನೀರು ಕುಡಿದಾಗಿನದಕ್ಕಿಂತ ಬೇಗ, ಸುಮಾರು ಒಂದೂವರೆ ನಿಮಿಷದಲ್ಲಿ ಸೆಡೆತ ಬಿಟ್ಟಿತು. ಅಷ್ಟರಲ್ಲಿ ಆ ರಸ ರಕ್ತಕ್ಕೆ ಸೇರಿರಲು ಸಾಧ್ಯವೇ ಇಲ್ಲ. ಗಂಟಲಿಗೆ ತಾಗಿದ ಹುಳಿಯೇ ನರಗಳ ಮೂಲಕ ಸ್ನಾಯುವಿನ ಅಬ್ಬರ ತಗ್ಗಿಸಿತೆಂಬುದು ಅವರ ಊಹೆ. ನಮ್ಮ ಮಾವಿನಕಾಯಿ ಉಪ್ಪಿನಕಾಯಿಯನ್ನು ಯಾರೂ ಹೀಗೆ ಪರೀಕ್ಷೆಗಿಟ್ಟಂತಿಲ್ಲ. ನೆಕ್ಕಿ ನೋಡಿದರೆ ನಷ್ಟವೇನೂ ಇಲ್ಲ.

ಹಾಗೆಂದು ಉಪ್ಪು ಬೇಡವೇ ಬೇಡ ಎಂದಲ್ಲ. ಏಪ್ರಿಲ್ ಬಿಸಿಲಲ್ಲಿ ಎರಡು ತಾಸು ಬೆವರಿದವನಿಗೆ ಉಪ್ಪು ಹಾಕಿದ ಮಜ್ಜಿಗೆ ಬೇಕು. ಹೆದರಿಕೆಯಿಂದ ಬರೀ ನೀರನ್ನೇ ಹೊಟ್ಟೆಗಿಳಿಸುವುದು ಮಾತ್ರ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತ ಕೊಟ್ಟ ಓಟಗಾರರಲ್ಲಿ ಶೇ 13ರಷ್ಟು ಮಂದಿಯ ಸೋಡಿಯಂ ಸಾಮಾನ್ಯ ಮಟ್ಟಕ್ಕಿಂತ ತಗ್ಗಿತ್ತು. ಅತಿಯಾಗಿ ನೀರು ಕುಡಿದು ಓಟದ ನಡುವೆ ಮೈತೂಕ ಹೆಚ್ಚಿಸಿಕೊಂಡವರೇ ಅವರಲ್ಲಿ ಜಾಸ್ತಿ.

ಪಕ್ಕೆ ಹಿಡಿಯುವುದು ಬೇರೆಯೇ ಕಾಟ. ಓಟಗಾರರಲ್ಲಿ ಬಹುಪಾಲು ಮಂದಿಗೆ ಒಂದಲ್ಲ ಒಂದು ಸಲ ಬಂದಿರುತ್ತದೆ. ಹೊಟ್ಟೆಯ ಒಳಗೋಡೆಯ ತೆಳುಪರೆಗೆ ಆಗುವ ತಿಕ್ಕಾಟವೇ ಕಾರಣವಿರಬಹುದು ಎನ್ನುತ್ತಾರೆ. ಎರಡು ತಾಸು ಮೊದಲೇ ಉಣ್ಣುವುದು, ಓಟಕ್ಕೆ ಮುಂಚೆ ಸಿಹಿ ಪಾನೀಯ ಬಿಡುವುದು, ಬಂದಾಗ ವೇಗ ತಗ್ಗಿಸಿ ಆ ಜಾಗ ಒತ್ತಿ, ಮುಂದಕ್ಕೆ ಬಾಗಿ ಆಳವಾಗಿ ಉಸಿರುಬಿಡುವುದು. ಇದರಿಂದಾಚೆಗೆ ಮದ್ದಿಲ್ಲ.

ವಾರಾಂತ್ಯದಲ್ಲಿ ಬೆಂಗಳೂರಿನಿಂದ ಬಂದು ನಂದಿಬೆಟ್ಟ ಹತ್ತುವವರ ನೋವು ಸೋಮವಾರ ಕಾಣಿಸಿಕೊಳ್ಳುತ್ತದೆ. ಬೆಟ್ಟದ ತುದಿ 1478 ಮೀಟರ್. ಬುಡದ ಬಯಲಿಗಿಂತ ಅರ್ಧ ಕಿಲೋಮೀಟರ್‌ಗೂ ಹೆಚ್ಚು ಎತ್ತರ. ಹತ್ತುವಾಗ ಏದುಸಿರು, ನಿಜ. ಆದರೆ ತೊಡೆಯನ್ನು ಹಣ್ಣು ಮಾಡುವುದು ಇಳಿತ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯು ಲಾರಿಯ ಬ್ರೇಕಿನಂತೆ ಕೆಲಸ ಮಾಡುತ್ತದೆ: ಬಿಗಿಯಾಗುತ್ತಲೇ ಉದ್ದವಾಗಬೇಕು. ಅದರ ಎಳೆಗಳಲ್ಲಿ ಸಣ್ಣ ಹರುಕುಗಳಾಗಿ, 24ರಿಂದ 72 ತಾಸಿನ ನಡುವೆ ನೋವು ತಾರಕಕ್ಕೇರುತ್ತದೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡಿದೆ ಎಂದು ಈಗಲೂ ಹೇಳುವ ತರಬೇತುದಾರರಿದ್ದಾರೆ; ಆ ಆಮ್ಲ ಓಟ ನಿಂತ ಒಂದೆರಡು ತಾಸಿನಲ್ಲೇ ಕರಗಿಹೋಗಿರುತ್ತದೆ. ಒಂದು ಒಳ್ಳೆಯ ಸುದ್ದಿಯೂ ಇದೆ. ಸ್ವಲ್ಪ ಇಳಿಜಾರು ಓಡಿ ಒಮ್ಮೆ ನೋವು ತಿಂದ ತೊಡೆ ಮುಂದಿನ ಕೆಲವು ವಾರ ಅಷ್ಟೇ ಇಳಿತಕ್ಕೆ ಅಷ್ಟು ನೋಯುವುದಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು 1935ರಲ್ಲಿ ಓದಲೆಂದು ಬೆಂಗಳೂರಿಗೆ ಎರಡು ದಿನ ನಡೆದೇ ಹೋದರು. ಅದನ್ನು ಸಾಹಸವೆಂದು ಹೇಳುವಾಗ ಒಂದು ಅಂಶ ಮರೆಯುತ್ತೇವೆ. ಎಲ್ಲಿಗೆ ಹೋಗಬೇಕಾದರೂ ನಡೆಯುತ್ತಿದ್ದ ಕಾಲದ ಕಾಲುಗಳವು. ಈಗ ಮೈದಾನಕ್ಕೂ ಬೈಕಿನಲ್ಲಿ ಬರುವ ಅಭ್ಯರ್ಥಿ, ಅಧಿಸೂಚನೆ ಹೊರಬಿದ್ದ ಮರುದಿನದಿಂದ ದಿನವೂ ಪೂರ್ತಿ ವೇಗದಲ್ಲಿ 1600 ಮೀಟರ್ ಓಡತೊಡಗುತ್ತಾನೆ. ನನ್ನ ಮಟ್ಟಿಗೆ ಸೆಡೆತದ ಬೇರು ಇರುವುದು ಅಲ್ಲೇ. ವಾರದ ಹೆಚ್ಚಿನ ಓಟ ಮಾತಾಡುತ್ತ ಓಡಬಲ್ಲಷ್ಟು ನಿಧಾನವಾಗಿರಲಿ, ಒಂದೆರಡು ದಿನ ಮಾತ್ರ ಜೋರು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸುವ ಅಭ್ಯಾಸ ಮೀನಖಂಡಕ್ಕೆ ಬೇಕೇಬೇಕು. ಪರೀಕ್ಷೆಗೆ ಮೂರು ದಿನವಿರುವಾಗ ಕಷ್ಟದ ಓಟ ಬೇಡ. ಪರೀಕ್ಷೆಯ ದಿನ ಬೆಳಿಗ್ಗೆ ನೋವಿನ ಮಾತ್ರೆ ನುಂಗಿ ಓಡುವ ಚಾಳಿಯಂತೂ ಬೇಡವೇ ಬೇಡ. ಬೆವರಿ ಬತ್ತಿದ ಮೈಯಲ್ಲಿ ಐಬುಪ್ರೊಫೆನ್‌ನಂಥ ಮಾತ್ರೆ ಮೂತ್ರಪಿಂಡಕ್ಕೆ ಭಾರ.

ಮೊಣಕಾಲ ಕೆಳಗಿನ ಎಲುಬಿನ ಅಂಚು ಉದ್ದಕ್ಕೂ ನೋಯುತ್ತಿದ್ದರೆ ಓಟ ತಗ್ಗಿಸಿ. ಒಂದೇ ಬೆರಳಿನಗಲದ ಜಾಗ ಒತ್ತಿದರೆ ಚುಳುಕ್ಕೆನ್ನುತ್ತಿದ್ದರೆ ಓಟ ನಿಲ್ಲಿಸಿ, ವೈದ್ಯರನ್ನು ಕಾಣಿ. ಎಲುಬಿನ ಸಣ್ಣ ಬಿರುಕು ಮೊದಲ ವಾರಗಳ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಆ ದಿನವೇ ಆಸ್ಪತ್ರೆ.

ಇನ್ನೊಂದು ನೋವು ಈ ಸೀಮೆಗೇ ಅಂಟಿದ್ದು. ಗೌರಿಬಿದನೂರು, ಚಿಂತಾಮಣಿ, ಬಾಗೇಪಲ್ಲಿ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ವರ್ಷಗಟ್ಟಲೆ ಅದನ್ನೇ ಕುಡಿದವರ ಬೆನ್ನು, ಸೊಂಟ, ಮಂಡಿ ಬಿಗಿಯಾಗುತ್ತವೆ. ಓಟದ ಸೆಡೆತ ನಿಮಿಷಗಳಲ್ಲಿ ಬಿಡುತ್ತದೆ, ಬೆಟ್ಟದ ನೋವು ವಾರದಲ್ಲಿ ಮಾಯುತ್ತದೆ. ಫ್ಲೋರೈಡಿನ ಈ ನೋವು ವಿಶ್ರಾಂತಿಗೂ ಜಗ್ಗುವುದಿಲ್ಲ. ಚಿಕ್ಕಂದಿನಿಂದ ಅದೇ ನೀರು ಕುಡಿದಿದ್ದರೆ ಹಲ್ಲಿನ ಮೇಲಿನ ಕಂದು ಗೆರೆ ಮೊದಲೇ ಸುಳಿವು ಕೊಟ್ಟಿರುತ್ತದೆ. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆರ್‌ಒ ಘಟಕದಲ್ಲಿ ತಗ್ಗುತ್ತದೆ. ಆದ್ದರಿಂದ ಮಂಡಿನೋವೆಂದು ಬೂಟು ಬದಲಿಸುವ ಮುನ್ನ ಮನೆಯ ಕೊಳವೆಬಾವಿಯ ನೀರನ್ನೊಮ್ಮೆ ಪರೀಕ್ಷೆ ಮಾಡಿಸುವುದು ಲೇಸು.