ನಿಮಗಿದು ಗೊತ್ತೆ? ಸಂಡೂರಿನ ಉಕ್ಕು, ಐ-ಲೀಗ್ ಕಪ್ಪು
ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹವೇ 2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡವನ್ನು ಕಟ್ಟಿತು. ಆಡಿದ ಮೊದಲ ಋತುವಿನಲ್ಲೇ ತಂಡ ಐ-ಲೀಗ್ ಗೆದ್ದಿತು! ಕರ್ನಾಟಕದ ತಂಡವೊಂದು ರಾಷ್ಟ್ರೀಯ ಲೀಗ್ ಗೆದ್ದದ್ದು ಅದೇ ಮೊದಲು.

2013ರ ಸೆಪ್ಟೆಂಬರ್ 22ರಂದು ಬೆಂಗಳೂರಿನಲ್ಲಿ ಮೋಹನ್ ಬಾಗನ್ ಎದುರು ಮೊದಲ ಪಂದ್ಯ, 1-1ರಿಂದ ಡ್ರಾ. ತಂಡದ ಚೊಚ್ಚಲ ಗೋಲು ಹೊಡೆದವರು ಆಸ್ಟ್ರೇಲಿಯಾದ ಶಾನ್ ರೂನಿ. ಕೋಚ್ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಚೆಟ್ರಿ. ಆ ಋತುವಿನಲ್ಲಿ ಚೆಟ್ರಿ 14 ಗೋಲು ಬಾರಿಸಿದರು.

ಪ್ರಶಸ್ತಿ ಖಚಿತವಾದ ಪಂದ್ಯವಂತೂ ಗಣಿನಾಡಿನವರು ನೆನಪಿಡಬೇಕಾದದ್ದು. 2014ರ ಏಪ್ರಿಲ್ 21, ಗೋವಾದ ಫತೋರ್ಡ ಮೈದಾನ. ಎದುರಾಳಿ ಡೆಂಪೊ: ಗೋವಾದ ಕಬ್ಬಿಣದ ಅದಿರಿನ ವ್ಯವಹಾರದಲ್ಲಿ ಹೆಸರು ಮಾಡಿದ ಮನೆತನದ ತಂಡ, ಅಷ್ಟರಲ್ಲಾಗಲೇ ಐದು ಬಾರಿಯ ರಾಷ್ಟ್ರೀಯ ಚಾಂಪಿಯನ್. ಅದಿರಿನವರ ಅಂಗಳಕ್ಕೇ ಹೋಗಿ ಉಕ್ಕಿನವರ ಹುಡುಗರು 4-2ರಿಂದ ಗೆದ್ದರು. ಇನ್ನೂ ಒಂದು ಪಂದ್ಯ ಬಾಕಿ ಇರುವಾಗಲೇ ಕಪ್ಪು ಕೈಸೇರಿತ್ತು! 24 ಪಂದ್ಯಗಳಿಂದ 47 ಅಂಕ; ಎರಡನೆಯ ಸ್ಥಾನ ಪಡೆದ ಈಸ್ಟ್ ಬೆಂಗಾಲ್‌ಗೆ 43.

ತಂಡದ ಹೆಸರಲ್ಲಿ ರಾಜಧಾನಿ ಇದ್ದರೂ ನಂಟು ನಮ್ಮ ನೆಲದ್ದೂ ಹೌದು. ಇದೇ ಸಮೂಹ 2018ರಲ್ಲಿ ತೋರಣಗಲ್ಲಿನ ಬಳಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ತೆರೆಯಿತು. ಬೆಂಗಳೂರು ಎಫ್‌ಸಿ ಆಟಗಾರರು ಋತು ಆರಂಭಕ್ಕೆ ಮುನ್ನ ಅಲ್ಲಿಗೆ ತಾಲೀಮಿಗೆ ಬಂದದ್ದುಂಟು.